ಕೆಟಲ್ ಮನೆಯ ಡಿಂಪ್ನಾ ಚುನಾವಣೆಗೆ ನಿಂತದ್ದು

ನಾಕ್‌ಬರಾದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಮೊಲೋನಿ ಮನೆತನದ ಒಬ್ಬನ ತಲೆಗೇ ಬೀಳುತ್ತದೆ. ಯಾರು ಯಾರೆಂದು ಗೊತ್ತಾಗಲಿ ಎಂದು ಊರವರು ಒಂದೊಂದು ಮನೆಗೆ ಒಂದೊಂದು ಅಡ್ಡಹೆಸರಿಟ್ಟಿದ್ದರು. ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಆಟ ಆಡುವವರು ಕೋಲಿನ ಮೊಲೋನಿಗಳು. ಆ ಮನೆಯ ಮಾಲಕಿ ಎಂಬ ಹೆಸರಿನ ಆಟಗಾರ ಜಿಲ್ಲೆಗೆ ಕಪ್ ತಂದವನು, ಅವನ ಫೋಟೋ ಇಲ್ಲದ ಪಬ್ಬು ಆ ಸುತ್ತಿನಲ್ಲಿಲ್ಲ. ಅಪ್ಪನ ಕಾಲದಿಂದ ಜಿಲ್ಲೆಯ ಆಡಳಿತ ನೋಡುವ ಕೌಂಟಿ ಕೌನ್ಸಿಲ್‌ನಲ್ಲಿ ಕೂತವರು ವೋಟಿನ ಮೊಲೋನಿಗಳು. ಆಟವೂ ಬಾರದ, ಭಾಷಣವೂ ಬಾರದ ಮೂರನೆಯವರು ಕೆಟಲ್ ಮೊಲೋನಿಗಳು. ಪಂದ್ಯವಾಗಲಿ ಸಾವಾಗಲಿ, ಬಂದವರಿಗೆ ಚಹಾ ಕಾಸುವುದು ಅವರ ಕೆಲಸ. ಪಾಲಿಗೆ ಬಂದದ್ದು ಪಂಚಾಮೃತ ಎಂದುಕೊಂಡು ಮೂರು ತಲೆಮಾರು ಕಾಸಿದ್ದರು.

ಡಿಂಪ್ನಾ ಆ ಕೆಟಲ್ ಮನೆಯ ಕೊನೆಯ ಕುಡಿ. ಮದುವೆಯಾಗಿರಲಿಲ್ಲ. ಬೆಟ್ಟದ ಮೇಲಿನ ಮನೆಗಳ ಮಕ್ಕಳನ್ನು ತಾನೇ ಓಡಿಸುವ ಬಸ್ಸಿಗೆ ತುಂಬಿಕೊಂಡು ಶಾಲೆಗೆ ಬಿಡುವುದು, ಸಂಜೆ ವಾಪಸು ತರುವುದು, ವಾರದ ಕೊನೆಗೆ ತಂಡದ ಅಂಗಿಗಳನ್ನು ಒಗೆದು ಹರವುವುದು, ಇಷ್ಟು ಅವಳ ಸಂಸಾರ. ಪರವೂರಿನವರು ಅವಳ ಹೆಸರು ಕೇಳಿದೊಡನೆ, "ಓಹೋ, ಮಾಲಕಿ ಮೊಲೋನಿ ನಿಮಗೇನಾಗಬೇಕು?" ಎನ್ನುತ್ತಿದ್ದರು.

"ಏನೂ ಆಗಬೇಕಿಲ್ಲ. ಅವನ ಬೆವರಿನ ಅಂಗಿ ಒಗೆದಿದ್ದೀನಿ, ಅಷ್ಟೇ," ಎನ್ನುತ್ತಿದ್ದಳು ಡಿಂಪ್ನಾ.

ಇಂಥವಳ ಅಡುಗೆಮನೆಗೆ ಒಂದು ದಿನ ಕೌನ್ಸಿಲರ್ ಫಿಂಟನ್ ಮೊಲೋನಿ ಬಂದು ಕೂತ. ವರಸೆಯಲ್ಲಿ ದೂರದ ಅಣ್ಣ. ಬೆಣ್ಣೆ ಹಚ್ಚಿದ ಕಂದು ಬ್ರೆಡ್ಡನ್ನು ಬಾಯಿ ತುಂಬ ಇಟ್ಟುಕೊಂಡೇ ವಿಷಯ ತೆಗೆದ.

"ಲೇ ಡಿಂಪ್ನಾ, ಈ ಸಲ ನೀನೂ ಚುನಾವಣೆಗೆ ನಿಲ್ಲಬೇಕು ಕಣೇ."

"ತಲೆಗಿಲೆ ಕೆಟ್ಟಿದೆಯಾ? ಮೊದಲು ಅದನ್ನ ನುಂಗು."

"ಕೇಳು ಇಲ್ಲಿ. ಚೀಟೀಲಿ ಜನ ಮೆಚ್ಚಿದೋರ ಹೆಸರಿನ ಮುಂದೆ ಒಂದು, ಎರಡು ಅಂತ ಸಾಲಾಗಿ ನಂಬರು ಹಾಕ್ತಾರಲ್ಲ? ಬೆಟ್ಟದ ಮೇಲಿನೋರು ನನಗೆ ಒಂದನೇ ನಂಬರು ಕೊಡಲ್ಲ. ನಿನಗಾದ್ರೆ ಕೊಡ್ತಾರೆ. ಎರಡನೇದು ನನಗೆ ಹಾಕ್ತಾರೆ, ಒಂದೇ ಪಕ್ಷ, ಒಂದೇ ಹೆಸರು. ನೀನು ಬೇಗ ಬಿದ್ದು ಹೋಗ್ತೀಯ. ಬಿದ್ದೋರ ಚೀಟಿಯೆಲ್ಲ ಎರಡನೇ ನಂಬರಿನೋರಿಗೆ ಹೋಗುತ್ತಲ್ಲ? ಸೀದಾ ನನ್ನ ಮಡಿಲಿಗೆ."

"ಅಂದ್ರೆ ಸೋಲೋಕೆ ನಿಲ್ಲಬೇಕು."

"ಸೋಲೋಕೆ ಅಂತ ಯಾಕಂತೀಯ? ಸಹಾಯಕ್ಕೆ."

"ನಮ್ಮ ಮನೆತನಕ್ಕೆ ತಕ್ಕ ಕೆಲಸ ಬಿಡು. ನಾವು ಕಾಸ್ತೀವಿ, ನೀವು ಕುಡೀರಿ," ಎಂದು ಅವಳು ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಅದೇ ಒಪ್ಪಿಗೆ.

ಒಪ್ಪಿದ್ದಕ್ಕೆ ಕಾರಣವಿತ್ತು. ಫಿಂಟನ್ ಜಿಲ್ಲೆಯ ಒಂದು ಸಾವನ್ನೂ ಬಿಟ್ಟವನಲ್ಲ. ಹೆಣದ ಹಿಂದೆ ವೋಟು ಹುಡುಕಿಕೊಂಡು ಹೋಗುತ್ತಾನೆ ಎಂದು ಊರು ಆಡಿಕೊಳ್ಳುತ್ತಿತ್ತು. ಆದರೆ ಡಿಂಪ್ನಾಳ ತಾಯಿ ಹಾಸಿಗೆ ಹಿಡಿದಾಗ, ಯಾರ ಗುರುತೂ ಹಿಡಿಯಲಾರದ ಆ ಮುದುಕಿಯ ಪಕ್ಕ ದಿನಾ ಸಂಜೆ ಬಂದು ಕೂತವನು ಅವನೊಬ್ಬನೇ. ಒಮ್ಮೆ ಅವಳು ವಾಂತಿ ಮಾಡಿಕೊಂಡಾಗ ಕೋಟು ಬಿಚ್ಚಿಟ್ಟು ನೆಲ ಒರೆಸಿದ್ದ. ವೋಟಿಗಾಗಿ ಬರುವವನು ಕೈ ಕುಲುಕಿ ಹೋಗುತ್ತಾನೆ, ನೆಲ ಒರೆಸುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಕೌನ್ಸಿಲ್ಲಿನ ಆ ಕುರ್ಚಿ ಮಾತ್ರ. ರಸ್ತೆಯಲ್ಲಿ ಗುಂಡಿ ಬಿದ್ದಿದೆ ಎಂದು ಯಾರಾದರೂ ಬೆಳಿಗ್ಗೆ ಫೋನು ಮಾಡಿ ಬೈದರೇ ಅವನಿಗೆ ತಿಂಡಿ ಸೇರುತ್ತಿದ್ದದ್ದು. ಆ ಕುರ್ಚಿ ಹೋದರೆ ಈ ಮನುಷ್ಯ ಬದುಕುವುದಿಲ್ಲ ಎಂದು ಡಿಂಪ್ನಾಗೆ ಗೊತ್ತಿತ್ತು.

ಹಾಗಾಗಿ ಅವಳು ಪಕ್ಷದವರು ಹೇಳಿಕೊಟ್ಟ ಪಾಠವನ್ನು ಗಾಳಿಗೆ ತೂರಿ, ಬೆಟ್ಟದ ಮನೆಮನೆಗೂ ಹೋಗಿ, "ಒಂದು ಫಿಂಟನ್‌ಗೆ ಹಾಕಿ, ಎರಡು ನನಗಿರಲಿ," ಎಂದು ಕೇಳತೊಡಗಿದಳು. ಮುದುಕಿ ನೋನಿ ಬಾಗಿಲಲ್ಲೇ ನಿಂತು ಬಿದ್ದು ಬಿದ್ದು ನಕ್ಕಳು.

"ತನಗೆ ವೋಟು ಬೇಡ ಅಂತ ಮನೆ ಮನೆ ತಿರುಗೋಳನ್ನ ಇವತ್ತೇ ನೋಡಿದ್ದು ಕಣಮ್ಮಾ! ನನ್ನ ಮೊಮ್ಮಕ್ಕಳನ್ನ ಹಿಮದಲ್ಲೂ ಬಾಗಿಲ ತನಕ ತಂದು ಬಿಟ್ಟೋಳು ನೀನು. ಒಂದು ನಿನಗೇ."

"ಬೇಡ ನೋನಿ, ನಿನ್ನ ದಮ್ಮಯ್ಯ. ಫಿಂಟನ್‌ಗೆ ಹಾಕು."

"ಅವನಿಗೇನೇ? ಅವನು ಹೇಗೂ ಗೆಲ್ತಾನೆ."

ನಮ್ಮ ಜಿಲ್ಲೆಯಲ್ಲಿ ಈ ಮಾತಿಗಿಂತ ಕೆಟ್ಟ ವಿಷ ಇನ್ನೊಂದಿಲ್ಲ. ಕಳ್ಳ ಎಂದರೂ ಒಬ್ಬ ಗೆದ್ದಾನು, ಕುಡುಕ ಎಂದರಂತೂ ಗೆದ್ದೇ ಗೆಲ್ಲುತ್ತಾನೆ. "ಹೇಗೂ ಗೆಲ್ತಾನೆ" ಎಂದ ದಿನ ಅವನ ಕಥೆ ಮುಗಿಯಿತು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪ್ರತಿ ಚುನಾವಣೆಯಲ್ಲೂ ಯಾರ ಮೇಲೋ ಪ್ರೀತಿ ಉಕ್ಕಿ ಈ ಮಾತು ಆಡುತ್ತೇವೆ, ಆಮೇಲೆ ಹಣೆ ಚಚ್ಚಿಕೊಳ್ಳುತ್ತೇವೆ. ಬುದ್ಧಿ ಮಾತ್ರ ಬರುವುದಿಲ್ಲ. ಡಿಂಪ್ನಾ ಬೈದಳು, ಗೋಗರೆದಳು, ಒಂದೆರಡು ಕಡೆ ಅತ್ತೂಬಿಟ್ಟಳು. ಅತ್ತ ಮನೆಗಳಲ್ಲಿ ಅವಳ ಮೇಲಿನ ಅಕ್ಕರೆ ಇನ್ನೂ ಹೆಚ್ಚಾಯಿತು.

ಎಣಿಕೆ ನಡೆದದ್ದು ಪಟ್ಟಣದ ಕ್ರೀಡಾ ಹಾಲಿನಲ್ಲಿ. ಪೆಟ್ಟಿಗೆಗಳನ್ನು ಮೇಜಿಗೆ ಸುರಿದು ಚೀಟಿ ಬಿಡಿಸುವಾಗ ಎಲ್ಲ ಪಕ್ಷದವರೂ ಮೇಜಿನ ಸುತ್ತ ಕಟ್ಟಿದ್ದ ಕಟಕಟೆಗೆ ಒರಗಿ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಬೆಟ್ಟದ ಪೆಟ್ಟಿಗೆಯಲ್ಲಿ ಡಿಂಪ್ನಾ ಹೆಸರಿನ ಮುಂದೆ ಒಂದು, ಮತ್ತೆ ಒಂದು, ಮತ್ತೆ ಒಂದು. ಅದು ಅವಳು ಹೆದರಿದ್ದೇ. ಆದರೆ ಕೆಳಗಿನ ಊರಿನ ಪೆಟ್ಟಿಗೆ, ಫಿಂಟನ್‌ನ ಸ್ವಂತ ಬೀದಿಯದು, ಅದರಲ್ಲೂ ಅವಳ ಹೆಸರಿಗೇ ಒಂದು ಬೀಳತೊಡಗಿದಾಗ ಅವಳು ಮುಂದೆ ಬಾಗಿ ಪೆಟ್ಟಿಗೆಯ ಮೇಲೆ ಬರೆದಿದ್ದ ಬೀದಿಯ ಹೆಸರನ್ನು ಇನ್ನೊಮ್ಮೆ ಓದಿದಳು.

ಪಕ್ಕದಲ್ಲಿ ಮಾಲಕಿ ನಿಂತಿದ್ದ. ಜಿಲ್ಲೆಗೆ ಕಪ್ ತಂದವನಿಗೆ ಈಗ ಎರಡೂ ಮಂಡಿ ಹೋಗಿದ್ದವು, ಕಟಕಟೆಯೇ ಊರುಗೋಲು.

"ನಾನೂ ನಿನಗೇ ಹಾಕಿದ್ದು ಕಣೇ," ಎಂದ ಖುಷಿಯಿಂದ.

"ಯಾಕೋ? ಯಾರು ಹೇಳಿದ್ರು ನಿನಗೆ?"

"ಫಿಂಟನೇ ಬಂದಿದ್ದ. 'ಪಾಪ, ಆ ಹುಡುಗಿಗೆ ಬೆರಳೆಣಿಕೆ ವೋಟು ಬಿದ್ರೆ ಊರು ನಗುತ್ತೆ, ನಾನೇ ನಿಲ್ಲಿಸಿದೋನು. ನಿಮ್ಮ ಮನೇದು ಅವಳಿಗಿರಲಿ, ನಾನು ಹೇಗೂ ಗೆಲ್ತೀನಿ' ಅಂದ. ನಮ್ಮ ಬೀದಿಗೆಲ್ಲ ಹೇಳಿದಾನೆ. ಯಾಕೆ, ನಿನಗೆ ಗೊತ್ತಿರಲಿಲ್ವಾ?"

ಡಿಂಪ್ನಾ ತಿರುಗಿ ಅವನನ್ನು ಹುಡುಕಿದಳು. ಹಾಲಿನ ಆಚೆ ತುದಿಯಲ್ಲಿ ಫಿಂಟನ್ ಯಾರದೋ ಬೆನ್ನು ತಟ್ಟಿ ನಗುತ್ತಿದ್ದ. ಎಂಥ ಪೆದ್ದ, ಎಂಥ ಪೆದ್ದ ಎಂದು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಆ ಗಳಿಗೆಯಲ್ಲಿ ಅವನ ಮೇಲೆ ಅವಳಿಗಿದ್ದಷ್ಟು ಪ್ರೀತಿ ಹೆತ್ತ ತಾಯಿಯ ಮೇಲೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಜಿಲ್ಲೆಯ ಆ ಭಾಗದ ಬೇರೆ ಕುರ್ಚಿಗಳೆಲ್ಲ ತುಂಬಿ, ಕೊನೆಯ ಕುರ್ಚಿಗೆ ಡಿಂಪ್ನಾ, ಫಿಂಟನ್ ಮತ್ತು ಬೇರೆ ಪಕ್ಷದ ಒಬ್ಬ ಉಳಿದರು. ಕೂದಲೆಳೆಯಷ್ಟು ಅಂತರದಲ್ಲಿ ಹಿಂದೆ ಬಿದ್ದು ಸೋತವನು ಫಿಂಟನ್. ಅವನ ಚೀಟಿಗಳನ್ನು ಮತ್ತೆ ಬಿಡಿಸಿ ಎರಡನೇ ನಂಬರು ನೋಡಿದರು. ಎರಡನೆಯದು ಅವಳಿಗೆ ಎಂಬ ಪಾಠವನ್ನು ತನ್ನವರಿಗೆ ಅವನು ಎಷ್ಟು ಚೆನ್ನಾಗಿ ಕಲಿಸಿದ್ದನೆಂದರೆ, ಚೀಟಿಯೆಲ್ಲ ಸಾಲಾಗಿ ಡಿಂಪ್ನಾಳ ರಾಶಿಗೇ ಹೋಯಿತು. ಅಧಿಕಾರಿ ಅವಳ ಹೆಸರು ಕೂಗಿದ. ಬೆಟ್ಟದವರು ಅವಳನ್ನು ಹೆಗಲ ಮೇಲೆ ಎತ್ತಲು ನುಗ್ಗಿದರು; ಅವಳು ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಮುಟ್ಟಿದ್ರೆ ಒದೀತೀನಿ!" ಎಂದು ಕಿರುಚಿದಳು.

ಫಿಂಟನ್ ಹೊರಗೆ ತನ್ನ ಕಾರಿನಲ್ಲಿ ಕೂತಿದ್ದ, ಬಾಗಿಲು ತೆರೆದಿತ್ತು. ಅವಳು ಓಡಿ ಬಂದು ಪಕ್ಕದ ಸೀಟಿನಲ್ಲಿ ಕೂತಳು.

"ನಾಳೇನೇ ರಾಜೀನಾಮೆ ಕೊಡ್ತೀನಿ. ಆ ಜಾಗಕ್ಕೆ ಪಕ್ಷ ತನ್ನೋರನ್ನ ಕೂರಿಸಬಹುದು, ಕಾಯ್ದೆ ಇದೆ. ನಿನ್ನನ್ನೇ ಕೂರಿಸ್ತಾರೆ."

"ಬೇಡ."

"ಅದು ನಿನ್ನ ಕುರ್ಚಿ ಕಣೋ."

"ಅವರದು. ಅವರು ನಿನಗೆ ಕೊಟ್ರು. ನಮ್ಮಪ್ಪ ಎರಡು ಸಲ ಸೋತ, ಹಿತ್ತಲ ಬಾಗಿಲಿಂದ ಒಳಗೆ ಹೋಗಲಿಲ್ಲ." ಅವನ ದನಿ ಗಟ್ಟಿಯಾಗಿತ್ತು. "ಒಂದು ಮಾತು ನಡೆಸಿಕೊಡು. ಇದನ್ನ ನಾಳೆ ಕೇಳಬೇಡ, ಡಿಂಪ್ನಾ. ಇವತ್ತು ಬೇಡ ಅನ್ನೋ ಶಕ್ತಿ ಇದೆ. ನಾಳೆ ಕೇಳಿದ್ರೆ ಹೂಂ ಅಂದುಬಿಡ್ತೀನಿ."

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಮಕ್ಕಳನ್ನು ತುಂಬಿಕೊಂಡು ಬೆಟ್ಟ ಇಳಿದಳು. ಫಿಂಟನ್ ತನ್ನ ಗೇಟಿನ ಹೊರಗೆ ರಸ್ತೆಗೇ ಬಂದು, ಗಡ್ಡ ಹೆರೆದುಕೊಂಡು, ಟೈ ಕಟ್ಟಿಕೊಂಡು ನಿಂತಿದ್ದ. ಅಷ್ಟು ಹೊತ್ತಿಗೆ ಅವನಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಬಸ್ಸು ಹತ್ತಿರವಾದಂತೆ ಅವನು ಒಂದು ಹೆಜ್ಜೆ ಮುಂದೆ ಬಂದ. ಡಿಂಪ್ನಾ ಕೈ ಎತ್ತಿದಳು, ಅವನೂ ಎತ್ತಿದ. ಅವಳು ಬಸ್ಸು ನಿಲ್ಲಿಸಲಿಲ್ಲ.