ಚಿಕ್ಕು ಚೀಲಗಳ ಮೇಲೆ ಕುಳಿತು ಬಂದ ದಿನ

ಕುಪ್ಪೇಲೂರಿನ ನಮ್ಮ ಹೊಲದ ಚಿಕ್ಕು ಗಿಡಗಳು ಕೈತುಂಬ ಫಲ ಕೊಡತೊಡಗಿದ ವರ್ಷವೇ ತಕರಾರೂ ಶುರುವಾಯಿತು. ರಾಣೆಬೆನ್ನೂರಿನಲ್ಲಿ ನಮ್ಮ ಕಾಯಿ ಕೊಳ್ಳುತ್ತಿದ್ದ ಹಣ್ಣಿನಂಗಡಿಯ ಹೆಂಗಸನ್ನು ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಬಂದಾಗ ಕಾಯಿ ಗಟ್ಟಿಯಾಗಿ ಚೆಂದವೇ ಇರುತ್ತವೆ, ಮೂರು ದಿನಕ್ಕೆ ಹಣ್ಣಾಗುವಾಗ ಅಲ್ಲಲ್ಲಿ ಕೊಳೆತು ಅರ್ಧಕ್ಕರ್ಧ ಎಸೆಯಬೇಕಾಗುತ್ತದೆ ಎಂದು ಅವರು ಫೋನು ಮಾಡಿ ಹೇಳುತ್ತಿದ್ದರು. ನಮ್ಮ ಯಜಮಾನರು ನಂಬಲಿಲ್ಲ. ತಾವೇ ಬಿಸಿಲಿಗಿಟ್ಟು ಕೆಡಿಸಿ ನಮ್ಮ ಮೇಲೆ ಹಾಕುತ್ತಾರೆ ಎಂದರು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಒಂದು ಬೆಳಿಗ್ಗೆ ಆಪಾ ಬಸ್ಸು ಹತ್ತಿ ಹೊಲಕ್ಕೇ ಬಂದರು. ನಮ್ಮತ್ತೆ ಉದ್ದನೆಯ ಗಳದಿಂದ ಕಾಯಿ ಬಡಿದು ಉದುರಿಸುತ್ತಿದ್ದರು. ನಾವು ಅವನ್ನು ಗೋಣಿಚೀಲಕ್ಕೆ ತುಂಬಿ, ಕುಕ್ಕಿ ಕುಕ್ಕಿ ಬಾಯಿ ಹೊಲಿಯುತ್ತಿದ್ದೆವು. ಆಪಾ ತಾವೇ ಹತ್ತು ಕಾಯಿಗಳನ್ನು ತೊಟ್ಟಿನ ಸಮೇತ ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡರು. ಚೀಲ ಒಯ್ಯುವ ಟಂಟಂ ಆಟೊ ಬಂದಾಗ ಮುಂದಿನ ಸೀಟು ಬೇಡವೆಂದು ಹಿಂದೆ ಚೀಲಗಳ ಮೇಲೆ ಹತ್ತಿ ಕುಳಿತರು. ನನ್ನನ್ನೂ ಹತ್ತಿಸಿಕೊಂಡರು.

ದಾರಿಯ ಒಂದೊಂದು ಗುಂಡಿಗೂ ನಾವಿಬ್ಬರೂ ಮೇಲೆ ಹಾರಿ ಕೆಳಗೆ ಬೀಳುತ್ತಿದ್ದೆವು. ಅರ್ಧ ದಾರಿಗೆ ನನಗೆ ನಗು ತಡೆಯಲಾಗಲಿಲ್ಲ. ಆಪಾ ಸೊಂಟ ಹಿಡಿದುಕೊಂಡು ಅಂದರು:

"ನನ್ನ ಸೊಂಟನ ಇಷ್ಟ ಜಜ್ಜಿ ಹೋಗೇತಿ. ತಳದಾಗಿನ ಕಾಯಿ ಪಾಡ ಏನಾಗಿರಬೇಕ, ನೀನ ಹೇಳು ತಂಗಿ."

ಅಂಗಡಿ ಮುಟ್ಟಿದ ಮೇಲೆ ಹಮಾಲ ಚೀಲಗಳನ್ನು ಧಪ್ಪೆಂದು ಇಳಿಸಿದ. ಆಪಾ ಒಂದು ಚೀಲದ ತಳದಿಂದ ಹತ್ತು ಕಾಯಿ ತೆಗೆದು ಒಂದು ಬುಟ್ಟಿಗಿಟ್ಟು, ಸೆರಗಿನ ಹತ್ತನ್ನೂ ಪಕ್ಕದಲ್ಲೇ ಇನ್ನೊಂದು ಬುಟ್ಟಿಗೆ ಹಾಕಿ, ಮೂರು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಬಂದು ನೋಡಿರಿ ಎಂದರು.

ಹೋದೆವು. ಚೀಲದ ಹತ್ತರಲ್ಲಿ ಆರು ಕೊಳೆತು, ಬೆರಳಿಟ್ಟರೆ ಒಳಗೇ ಹೋಗುತ್ತಿತ್ತು. ಸೆರಗಿನಲ್ಲಿ ಬಂದವು ಹತ್ತೂ ಒಂದೇ ಸಮ ಹಣ್ಣಾಗಿದ್ದವು. ನಮ್ಮವರು ಒಂದನ್ನು ತಿಂದು, ಇನ್ನೊಂದನ್ನೂ ತಿಂದು, ತಲೆ ತಗ್ಗಿಸಿ ಅಂದರು:

"ನಿಮ್ಮ ಮ್ಯಾಲ ಸುಳ್ಳ ಸಂಶೆ ಪಟ್ಟಿದ್ನಿರಿ."

ಆಪಾ ನಕ್ಕು ಚಹಾ ತರಿಸಿದರು. ಆ ವಾರವೇ ನಾವು ಪ್ಲಾಸ್ಟಿಕ್ ಕ್ರೇಟು ತಂದು ತಳಕ್ಕೆ ಭತ್ತದ ಹುಲ್ಲು ಹಾಸಿದೆವು.

ಬಡಿಯುವುದು ಬಿಟ್ಟು ಕೈಯಿಂದ ಬಿಡಿಸಲು ಒಪ್ಪದೆ ಉಳಿದವರು ನಮ್ಮತ್ತೆ.

"ಹುಣಸಿ ಗಿಡ ಬಡದ ಕೈ ಇದು. ಒಂದೊಂದ ಕಾಯಿ ಹಿಡಕೊಂತ ಕುಂದ್ರಂದ್ರ ಹೆಂಗ?"

ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ತಾವೇ ತಂತಿಯನ್ನು ಬಳೆಯಂತೆ ಬಗ್ಗಿಸಿ, ಹಳೆಯ ಸೀರೆಯ ತುಂಡಿನಿಂದ ಚೀಲ ಹೊಲಿದು ಗಳದ ತುದಿಗೆ ಕಟ್ಟಿದರು. ಕಾಯಿ ನೆಲ ಮುಟ್ಟದೆ ಅದರೊಳಗೆ ಬಂದು ಬಿತ್ತು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಪಕ್ಕದ ಹೊಲದವರು ಪೇರಲ ಉದುರಿಸುವ ಸಪ್ಪಳ ಕೇಳಿದರೆ ಸಾಕು, ಊಟ ಬಿಟ್ಟು ಕಲಿಸಲು ಹೊರಡುತ್ತಾರೆ.