ಕಾತ್ರಿ ಹೊತ್ತ ಸೌದೆ

ನನ್ನ ತಂಗಿ ಎಲ್ಮಾಳ ಸೊಸೆ ಕಾತ್ರಿ ಕುವೋಪಿಯೊ ಪಟ್ಟಣದಲ್ಲಿ ಬಸ್ಸು ಓಡಿಸುತ್ತಾಳೆ. ಹಿಮ ಬಿದ್ದ ರಸ್ತೆಯಲ್ಲೂ ಅವಳ ಕೈ ನಡುಗಿದ್ದಿಲ್ಲವಂತೆ. ಕ್ರಿಸ್‌ಮಸ್ಸಿಗೆ ನಾನೂ ಎಲ್ಮಾಳೂ ಇರುವ ಮನೆಗೆ ಬಂದಾಗ ಮಾತ್ರ ಅವಳ ಕೈಯಲ್ಲಿ ಕಾಫಿ ಬಟ್ಟಲು ಕಟಕಟ ಅನ್ನುತ್ತದೆ.

ಹೋದ ವರ್ಷ ಎಲ್ಮಾಳ ಮಾತು ತಡೆಯಲಾರದೆ ಹಬ್ಬದೂಟ ಬಿಟ್ಟು ಎದ್ದು ಹೋದಳು. ಗಂಡ ಓಸ್ಮೊ ಹಿಂದೆ ಹೋಗಲಿಲ್ಲ. ಏಳು ವಾರ ಬೇರೆ ಬೇರೆ ಇದ್ದರು. ಇನ್ನೊಮ್ಮೆ ಹಾಗಾದರೆ ತಾನು ತಿರುಗಿ ಬರುವುದಿಲ್ಲವೆಂದು ಅವಳೇ ನನಗೆ ಹೇಳಿದ್ದಳು. “ಅತ್ತೆ ಅಂದಿದ್ದಕ್ಕಲ್ಲ ದೊಡ್ಡಮ್ಮ. ಓಸ್ಮೊ ತಟ್ಟೆ ನೋಡ್ಕೊಂಡು ಕೂತಿದ್ನಲ್ಲ, ಅದಕ್ಕೆ.”

ಈ ಸಲ ಹಬ್ಬದ ಹಿಂದಿನ ದಿನವೇ ಬಂದರು. ಅಂಗಳದಾಚೆಯ ಸೌನಾದಲ್ಲಿ ಹಬೆಸ್ನಾನಕ್ಕೆ ಒಲೆ ಹೊತ್ತಿಸುವುದು ನನ್ನ ಕೆಲಸ. ಎರಡು ಬುಟ್ಟಿ ಬರ್ಚ್ ಮರದ ಸೌದೆ ಸಾಕು. ಹಬ್ಬದ ಬೆಳಗ್ಗೆ ಹತ್ತಕ್ಕೇ ಎರಡೂ ತುಂಬಿದ್ದವು. ಹನ್ನೊಂದಕ್ಕೆ ಸೌನಾದ ಗೋಡೆಗುಂಟ ಒಂದು ಒಟ್ಟಿಲು. ಹನ್ನೆರಡಕ್ಕೆ ಅದು ಕಿಟಕಿ ಮುಟ್ಟಿತು.

ಎಲ್ಮಾ ಏನಾದರೂ ಅಂದಳೋ, ಕಾತ್ರಿ “ಸೌದೆ ತರ್ತೀನಿ” ಅಂತ ಏಳುವಳು. ಹಿಂದೆಯೇ ಓಸ್ಮೊ. ಹತ್ತು ನಿಮಿಷಕ್ಕೆ ಇಬ್ಬರೂ ಕೆಂಪು ಮೂಗು ಮಾಡಿಕೊಂಡು ತೋಳು ತುಂಬ ಸೌದೆ ಹೊತ್ತು ಬರುವರು. ಒಮ್ಮೆ ಸೌದೆ ಕೊಟ್ಟಿಗೆಯ ಹಿಂದೆ ಕಾತ್ರಿ ನಕ್ಕದ್ದು ಕೇಳಿಸಿತು. ಎಲ್ಮಾ ಬಾಯಿ ತೆಗೆದರೆ ಇಬ್ಬರೂ ಹೊರಬೀಳುವುದೆಂದು ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಅಂದುಕೊಂಡೆ.

ಒಂದು ಗಂಟೆಗೆ ಎಲ್ಮಾ ಕಾತ್ರಿ ಹಬ್ಬಕ್ಕೆಂದು ಬೇಯಿಸಿ ತಂದ ಗೆಡ್ಡೆಯ ಬೋಗುಣಿಗೆ ಚಮಚ ಹಾಕಿದಳು.

“ಇದೇನಮ್ಮಾ, ಗೆಡ್ಡೆ ಬೇಯಿಸಿದ್ದೋ, ಪಾಯಸ ಕಾಸಿದ್ದೋ?”

“ನಮ್ಮಮ್ಮ ಹೀಗೇ ಸಿಹಿ ಹಾಕೋದು ಅತ್ತೆ.”

“ಅದಕ್ಕೇ ನಿಮ್ಮಪ್ಪನ ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ!”

ಕಾತ್ರಿ ಎದ್ದಳು. “ಸೌದೆ...”

“ಕೂತ್ಕೋ. ನೋಡ್ಬಂದೆ ನಾನು. ಇಡೀ ಊರನ್ನೇ ಬೇಯಿಸೋವಷ್ಟು ಒಟ್ಟಿದೀರಿ. ಅಲ್ವೇನೇ ಅಕ್ಕಾ?”

ಓಸ್ಮೊನ ಕಣ್ಣು ಮೆಲ್ಲಗೆ ತಟ್ಟೆಗಿಳಿಯಿತು. ಕಾತ್ರಿ ಅವನನ್ನೇ ನೋಡುತ್ತ ನಿಂತಿದ್ದಳು. ಸೌದೆಯ ವಿಚಾರದಲ್ಲಿ ಅಲ್ಲಿಯವರೆಗೆ ನಾನು ಸುಳ್ಳು ಹೇಳಿದವಳಲ್ಲ.

“ಮೇಲಿನ ಸಾಲೆಲ್ಲ ಹಸಿ ಕಣೇ,” ಅಂದೆ. “ಅದನ್ನ ಹೊರಗೆ ಹಾಕಿ ಒಣಗಿದ್ದು ತರ್ಬೇಕು. ಒಬ್ಬರ ಕೈಲಾಗಲ್ಲ.”

“ಹಸಿ? ಬೇಸಿಗೆಯೆಲ್ಲಾ ನೀನೇ ಒಣಗಿಸಿದ್ದು!”

“ಒಣಗಿಲ್ಲ.”

ಓಸ್ಮೊ ತಟ್ಟೆ ಸರಿಸಿದ. “ಅಮ್ಮಾ, ನನಗೆ ಈ ಸಿಹೀನೇ ಇಷ್ಟ. ಬಾ ಕಾತ್ರಿ.” ಈ ಸಲ ಅವನೇ ಮುಂದೆ ನಡೆದ.

ಮೂರಕ್ಕೆ ಹೆಂಗಸರು ಮೂವರೂ ಸೌನಾದ ಕೂರುವ ಹಲಗೆ ಹತ್ತಿದೆವು.

“ಒಲೆ ಧಗಧಗ ಅಂತಿದೆ,” ಎಂದಳು ಎಲ್ಮಾ. “ಹಸಿ ಸೌದೆ ಅಂದ್ಯಲ್ಲ ಅಕ್ಕಾ, ಎಲ್ಲಿ?”

ಸೌನಾದೊಳಗೆ ಜಗಳಾಡಬಾರದೆಂಬುದು ಹಿಂದಿನಿಂದ ಬಂದ ಪದ್ಧತಿ. ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದೆ. ಹಬೆ ಎದ್ದು ಎಲ್ಮಾ ಬಾಯಿ ಮುಚ್ಚಿಕೊಂಡಳು.

ಕಾತ್ರಿ, ಓಸ್ಮೊ ಹೊರಡಲು ಇನ್ನೂ ಎರಡು ದಿನವಿತ್ತು. ಎಲ್ಮಾ ಊಟಕ್ಕೆ ಅಣಿಮಾಡುವಷ್ಟರಲ್ಲಿ ಉಳಿದ ಸೌದೆಯನ್ನೆಲ್ಲ ಕೊಟ್ಟಿಗೆಗೆ ತಿರುಗಿ ಸಾಗಿಸಿದೆ. ಕಾತ್ರಿ ಸೌದೆಗೆಂದು ಮತ್ತೆ ಏಳಬೇಕಾದರೆ, ಬೆಳಗಾಗುವಾಗ ಬುಟ್ಟಿಗಳು ಬರಿದಾಗಿರಬೇಕಿತ್ತು.