ಗಾಳಿ ಇಳಿಸಿ ದಾಟಿದ ಹೊಳೆ

ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಹೆಂಗಸು ಹೋದ ವಾರ ನಮ್ಮ ಓಣಿಗೆ ಬಂದಿದ್ದಳು. ನನ್ನ ಹೆಂಡತಿ ಒಂದು ಬೋಗಾಣಿಯ ಮೇಲೆ ಕಣ್ಣಿಟ್ಟು, ಎರಡು ಸೀರೆ, ಮೂರು ಧೋತರಗಳ ಜೊತೆಗೆ ನನ್ನ ಕರಿ ಕೋಟನ್ನೂ ಗಂಟಿಗೆ ಸೇರಿಸಿದ್ದಳು. ಆ ಹೆಂಗಸು ಕೋಟನ್ನು ಝಾಡಿಸಿ, ಹರಿದ ಕಿಸೆಯೊಳಗೆ ಬೆರಳು ತೂರಿಸಿ, ಅಸ್ತರಿನಲ್ಲಿ ಸಿಕ್ಕಿಕೊಂಡಿದ್ದ ಏನನ್ನೋ ತೆಗೆದು ನನ್ನ ಕೈಗಿಟ್ಟಳು. ಕಡಲೆಕಾಳಿಗಿಂತ ತುಸು ದೊಡ್ಡದಾದ, ಕಿಲುಬು ಹಿಡಿದ ಹಿತ್ತಾಳೆಯ ಟೋಪಿ. ಗಾಲಿಗೆ ಗಾಳಿ ತುಂಬುವ ನಳಿಕೆಯ ಬಾಯಿಗೆ ತಿರುವಿ ಹಾಕುತ್ತಾರಲ್ಲ, ಅದು. ಒಳಗಿನ ಎಳೆಗಳಲ್ಲಿ ನಾಲ್ಕು ಕಣ ಉಸುಕು ಇನ್ನೂ ಇತ್ತು. ನಾನು ಕೋಟನ್ನು ಆಕೆಯ ಕೈಯಿಂದ ಕಸಿದುಕೊಂಡೆ ಎಂದೇ ಹೇಳಬೇಕು. ಬೋಗಾಣಿ ಕೈತಪ್ಪಿದ ಸಿಟ್ಟು ಹೆಂಡತಿಗೆ ಇನ್ನೂ ಇಳಿದಿಲ್ಲ.

ನಾನು ಜಮಖಂಡಿಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಮಾಸ್ತರ. ಸ್ವಂತದ್ದೆಂದು ಸೈಕಲ್ಲು ಬಿಟ್ಟರೆ ಬೇರೆ ವಾಹನವಿಲ್ಲ. ಬಸ್ಸು ಹತ್ತಿದರೆ ಕಿಟಕಿಯ ಪಕ್ಕದ ಜಾಗವೇ ಬೇಕು, ಯಾಕೆಂದು ಬಿಡಿಸಿ ಹೇಳುವುದು ಬೇಡ. ಇಂಥವನಿಗೆ ಜೀಪಿನ ಹುಚ್ಚು ಹತ್ತಿತ್ತೆಂದರೆ ನೀವು ನಗುತ್ತೀರಿ. ನಗಬಹುದು, ನನ್ನ ವಿದ್ಯಾರ್ಥಿಗಳೂ ನಕ್ಕಿದ್ದರು.

ಅದು ಶುರುವಾದದ್ದು ಒಂದು ಬೇಸಿಗೆಯಲ್ಲಿ. ಕೃಷ್ಣೆಯ ಆಚೆ ನನ್ನ ಅಕ್ಕನ ಊರು. ಅಲ್ಲಿಗೆ ಹೊರಟ ಬಸ್ಸು ಚಿಕ್ಕಪಡಸಲಗಿಯ ಈಚೆಗೇ ಹೊಗೆ ಬಿಟ್ಟು ನಿಂತಿತು. ಮಿಲಿಟರಿ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಹಿಡಿದದ್ದೆಂದು ನೋಡಿದರೇ ತಿಳಿಯುವ ಒಂದು ಜೀಪು ಬಂದು, ಅದನ್ನು ಹೊಡೆಯುತ್ತಿದ್ದವರು ನನ್ನನ್ನು ಹತ್ತಿಸಿಕೊಂಡರು. ರಬಕವಿಯಲ್ಲಿ ಮಗ್ಗ ನಡೆಸುವ ಗುರುಲಿಂಗಪ್ಪ ಎಂದು ಹೆಸರು ಹೇಳಿಕೊಂಡರು. ಸ್ವಲ್ಪ ದೂರ ಹೋಗಿ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿದರು. ರಸ್ತೆ ಆ ಕಡೆಗಿದೆ ಎಂದು ಸೌಜನ್ಯದಿಂದಲೇ ನೆನಪಿಸಿದೆ.

"ರಸ್ತಾ ಬಸ್ಸಿಗೆ ಮಾಡ್ಯಾರ್ರಿ ಮಾಸ್ತರ," ಎಂದರು. "ಜೀಪಿಗೆ ಹೊಳಿನ ಛಲೋ."

ಬೇಸಿಗೆಯ ಹೊಳೆ ಎಂದರೆ ಆಗ ಉಸುಕು. ಕಣ್ಣು ಹಾಯುವಷ್ಟು ಉಸುಕು, ನಡುವೆ ಮೊಣಕಾಲುದ್ದದ ಒಂದು ಹರಿವು. ದಂಡೆಯಲ್ಲಿ ಮತ್ತೆರಡು ಜೀಪು ಕಾಯುತ್ತಿದ್ದವು. ಒಂದು ಮುಧೋಳದ ದಾವಲಸಾಬ ಮಿಸ್ತ್ರಿಯದು. ಹಳೆಯ ಗಾಡಿಗಳಿಂದ ಕೂಡಿಸಿ ಕಟ್ಟಿದ್ದು, ಯಾವ ಭಾಗ ಯಾವ ಗಾಡಿಯದೆಂದು ಅವರಿಗೂ ನೆನಪಿರಲಿಲ್ಲ. ಇನ್ನೊಂದು ಬೀಳಗಿಯ ದೇಸಾಯರದು; ಅದಕ್ಕೆ ಮೇಲುಹೊದಿಕೆಯೇ ಇರಲಿಲ್ಲ. ಪ್ರತಿ ಐತವಾರ, ರಜೆಯ ದಿನ, ಮೂವರೂ ಎಲ್ಲಿಯಾದರೂ ಕೂಡಿ, ದಾರಿ ಇಲ್ಲದ ಕಡೆ ಗಾಡಿ ಹೊಡೆಯುತ್ತಿದ್ದರು. ಯಾಕೆ ಎಂದು ಕೇಳಿದೆ. ಗುರುಲಿಂಗಪ್ಪ ಗೇರು ಹಾಕಿ ಗಾಡಿಯನ್ನು ಉಸುಕಿಗಿಳಿಸಿದರು.

ಅಂದು ಹೊಳೆಯ ನಡುವೆ ಗಾಡಿ ಹುಗಿದುಕೊಂಡಿತು. ನಾನು ಇಳಿದು ನೂಕತೊಡಗಿದೆ. ಗುರುಲಿಂಗಪ್ಪ ನನ್ನನ್ನು ತಡೆದು, ಗಾಲಿಗಳ ಟೋಪಿ ತಿರುವಿ ತೆಗೆದು, ಕಡ್ಡಿಯಿಂದ ಒತ್ತಿ ಗಾಳಿ ಇಳಿಸಿದರು. ಗಾಳಿ ಕಡಿಮೆಯಾದ ಗಾಲಿ, ಬಡಿದ ರೊಟ್ಟಿಯ ಹಾಗೆ ಅಗಲವಾಗಿ ಉಸುಕಿನ ಮೇಲೆ ಕೂತಿತು. ಗಾಡಿ ಸದ್ದಿಲ್ಲದೆ ಎದ್ದು ಬಂತು. ಐವತ್ತು ರಾಜವಂಶಗಳ ಏಳುಬೀಳು ಪಾಠ ಮಾಡಿದ ನನಗೆ ಅಂಥ ಸೋಜಿಗ ಎಂದೂ ಆಗಿರಲಿಲ್ಲ. ಟೋಪಿಗಳು ಉಸುಕಿನಲ್ಲಿ ಕಳೆಯಬಾರದೆಂದು ಅವನ್ನು ನನ್ನ ಕೈಗೆ ಕೊಟ್ಟರು. ನಾನು ಕೋಟಿನ ಕಿಸೆಗೆ ಹಾಕಿಕೊಂಡೆ. ಮುಂದಿನ ಹತ್ತು ವರ್ಷ ಅದೇ ನನ್ನ ಹುದ್ದೆಯಾಯಿತು.

ಹುದ್ದೆಯಲ್ಲಿ ಇನ್ನೊಂದು ಕೆಲಸವೂ ಇತ್ತು. ಧೋತರ ಎತ್ತಿ ಕಟ್ಟಿ, ಕೋಲು ಹಿಡಿದು, ಜೀಪಿನ ಮುಂದೆ ಬರಿಗಾಲಿನಲ್ಲಿ ನಡೆಯುತ್ತ ಉಸುಕು ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ನೋಡುವುದು. ಮೈಮೇಲೆ ಕೋಟು ಮಾತ್ರ ಇರಲೇಬೇಕು. ಮಾಸ್ತರಿಕೆಯ ಮಾನ ಅದರಲ್ಲೇ ಇದೆಯೆಂದು ನನ್ನ ನಂಬಿಕೆ. ಹಿಂದೆ ಮೂರು ಜೀಪು, ಮುಂದೆ ಕೋಟು ತೊಟ್ಟ ನಾನು. ಮೆರವಣಿಗೆಯಲ್ಲಿ ಬಾಜಾ ಒಂದೇ ಕಡಿಮೆ.

ನಮ್ಮ ಆ ಕೂಟಕ್ಕೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಕಟ್ಟಳೆ ಮಾತ್ರ ಇತ್ತು. ಸಿಕ್ಕಿಬಿದ್ದವನನ್ನು ನೋಡಿ, ಅವನು ಹೊರಗೆ ಬರುವ ತನಕ ಯಾರೂ ನಗುವಂತಿಲ್ಲ. ಬಂದ ಮೇಲೆ ಎಷ್ಟು ಬೇಕಾದರೂ ನಗಬಹುದು. ಆಚೆ ದಂಡೆ ಮುಟ್ಟಿ, ಕೈಪಂಪಿನಿಂದ ಗಾಳಿ ತುಂಬಿ, ಎಲ್ಲ ಗಾಲಿಗಳಿಗೂ ಟೋಪಿ ಹಾಕಿದ ಮೇಲೆಯೇ ಹೊಳೆ ದಾಟಿದಂತೆ ಲೆಕ್ಕ. ಅಲ್ಲಿಯವರೆಗೆ ಸ್ಟೋ ಹಚ್ಚುವಂತಿಲ್ಲ, ಚಹಾ ಇಲ್ಲ. ದಾವಲಸಾಬರಿಗೆ ಚಹಾ ತಡವಾದರೆ ತಲೆಶೂಲೆ ಬರುತ್ತಿತ್ತು, ಆದರೂ ಆ ಕಟ್ಟಳೆ ಮುರಿಯಲಿಲ್ಲ. ಬೀಳಗಿಯ ಗುಡ್ಡದ ಕಲ್ಲುಗಳಲ್ಲೂ, ಮುಧೋಳದ ಎರೆ ಹೊಲಗಳಲ್ಲೂ ಅಲೆದದ್ದುಂಟು. ಒಮ್ಮೆ ಮೊದಲ ಮಳೆ ಬಿದ್ದ ಮರುದಿನ ಎರೆ ಮಣ್ಣಿಗೆ ಇಳಿದು, ಗಾಲಿಗೆಲ್ಲ ಮಣ್ಣು ಮೆತ್ತಿ, ಜೀಪುಗಳನ್ನು ಅಲ್ಲೇ ಬಿಟ್ಟು ನಡೆದು ಮನೆ ಸೇರಿದ್ದೆವು. ಆದರೆ ನನ್ನ ಜೀವ ಇದ್ದದ್ದು ಹೊಳೆಯ ಉಸುಕಿನಲ್ಲಿ.

ಅದೇ ಉಸುಕಿನಲ್ಲಿ ಹೆಂಗಸರು ವರ್ತಿ ತೋಡುತ್ತಿದ್ದರು. ಕೈಯಿಂದ ಉಸುಕು ಕೆದರಿ, ಒಸರಿದ ನೀರನ್ನು ಬಟ್ಟಲಿನಿಂದ ಎತ್ತಿ ಕೊಡ ತುಂಬಿಸುವುದು. ಒಮ್ಮೆ ನಮಗೆ ಬಾಯಾರಿಕೆಯಾಗಿ ಒಬ್ಬ ವಯಸ್ಸಾದ ಹೆಂಗಸನ್ನು ನೀರು ಕೇಳಿದೆವು. ಎರಡು ಬಟ್ಟಲು ಕೊಟ್ಟಳು. ಜೀಪಿನ ಕಡೆಗೆ ನೋಡಿ ಅಂದಳು:

"ನಿಮಗ ಇದು ಆಟ ಐತ್ರೆಪ. ನಮಗ ನಾಕ ತಿಂಗಳ ಇದನ್ನ ಕೆದರಿಕೊಂಡ ಕುಡಿಯೂದೈತಿ."

ಸಿಟ್ಟಿನಿಂದ ಅಂದದ್ದಲ್ಲ. ಗುರುಲಿಂಗಪ್ಪ ಎರಡನೆಯ ಬಟ್ಟಲನ್ನು ಕುಡಿಯದೆ ಆಕೆಯ ಕೊಡಕ್ಕೇ ಸುರಿದರು.

ಹೊಳೆಗೆ ಅಡ್ಡಲಾಗಿ ತಾವೇ ಬ್ಯಾರೇಜು ಕಟ್ಟುತ್ತೇವೆಂದು ರೈತರು ಹೊರಟಾಗ ಗುರುಲಿಂಗಪ್ಪ ಜೀಪು ತೆಗೆದುಕೊಂಡು ಹೋಗಿ ನಿಂತರು. ಕಲ್ಲು, ಸಿಮೆಂಟಿನ ಚೀಲ, ದುಡಿಯುವವರಿಗೆ ರೊಟ್ಟಿಯ ಬುಟ್ಟಿ, ಏನು ಕೊಟ್ಟರೂ ಹೇರಿಕೊಂಡರು. ದಾವಲಸಾಬರು ಕೆಟ್ಟ ಇಂಜಿನ್ ರಿಪೇರಿ ಮಾಡಿದರು. ದೇಸಾಯರು ಬೀಳಗಿಯಿಂದ ಆಳುಗಳನ್ನು ಕರೆತಂದರು. ಐತವಾರಗಳು ಅಲ್ಲೇ ಕಳೆದವು. ನಾನೂ ಕೋಟು ಬಿಚ್ಚಿಟ್ಟು ಕಲ್ಲು ಹೊತ್ತೆ. ಹೊರುತ್ತ ಹೊರುತ್ತ ಈ ಕೆಲಸ ನಿಂತುಹೋಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ನೀರು ನಿಂತರೆ ನಮ್ಮ ಉಸುಕು ಮುಳುಗುತ್ತದೆ. ಬಟ್ಟಲು ನೀರು ಕೊಟ್ಟ ಹೆಂಗಸು ಕಣ್ಣ ಮುಂದೆಯೇ ಕಲ್ಲು ಸಾಗಿಸುತ್ತಿದ್ದಳು, ಆದರೂ ಬೇಡಿಕೊಂಡೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಬ್ಯಾರೇಜಿಗೆ ಗೇಟು ಹಾಕುವ ಮೊದಲಿನ ಐತವಾರ ಕೊನೆಯ ಸಲ ಹೊಳೆ ದಾಟಿದೆವು. ಎಂದಿನಂತೆ ಗಾಳಿ ಇಳಿಸಿ, ಟೋಪಿಗಳನ್ನು ಕಿಸೆಗೆ ಹಾಕಿಕೊಂಡು ಕೋಲಿಗೆ ಕೈ ಚಾಚಿದೆ. ಗುರುಲಿಂಗಪ್ಪ ಕೋಲು ತಾವು ತೆಗೆದುಕೊಂಡು, "ಇವತ್ತ ನೀವು ಹೊಡೀರಿ" ಎಂದರು. ಅಂಗಳದಂಥ ಗಟ್ಟಿ ನೆಲದಲ್ಲಿ ಒಂದೆರಡು ಸಲ ಕಲಿಸಿದ್ದರು, ಅಷ್ಟೇ. ಸ್ಟೀರಿಂಗು ಹಿಡಿದು ಕೂತೆ. ರಬಕವಿಯಲ್ಲಿ ಮಗ್ಗ ನಡೆಸುವ ಆ ಮನುಷ್ಯ ಧೋತರ ಎತ್ತಿಕಟ್ಟಿ ನನ್ನ ಮುಂದೆ ಬರಿಗಾಲಿನಲ್ಲಿ ನಡೆಯುತ್ತಿದ್ದರು. ಅವರ ಹೆಜ್ಜೆಗಳ ಮೇಲೆಯೇ ಗಾಲಿ ಉರುಳಿಸುತ್ತ ಆಚೆ ದಂಡೆ ಮುಟ್ಟಿಸಿದೆ. ಅಷ್ಟು ಸಂತೋಷ ನನಗೆ ಆ ಮೇಲೆ ಆಗಿಲ್ಲ.

ಗಾಳಿ ತುಂಬಿ, ಉಳಿದೆರಡು ಗಾಡಿಗಳಿಗೆ ಟೋಪಿ ಹಾಕಿ, ಮತ್ತೆ ಕಿಸೆಗೆ ಕೈ ಹಾಕಿದರೆ ನಮ್ಮದಕ್ಕೆ ಮೂರೇ ಟೋಪಿ. ನಾಲ್ವರೂ ಮಂಡಿಯೂರಿ ಉಸುಕು ಜರಡಿ ಹಿಡಿದೆವು. ಬಿಸಿಲು ಇಳಿಯುವ ತನಕ ಹುಡುಕಿದೆವು. ಸ್ಟೋ ಹಚ್ಚಲಿಲ್ಲ. ಕೊನೆಗೆ ಗುರುಲಿಂಗಪ್ಪ ಎದ್ದು ಕೈ ಝಾಡಿಸಿಕೊಂಡು, ಚಹಾದ ಡಬ್ಬಿಯನ್ನು ಮುಚ್ಚಿದ್ದು ಮುಚ್ಚಿದಂತೆಯೇ ಚೀಲಕ್ಕೆ ಹಾಕಿದರು.

ಮುಂದಿನ ಐತವಾರ ನಾನು ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಗೇಟಿಗೆ ನಿಂತ ಆ ನೀರನ್ನು ನೋಡಿದರೆ ನಾನು ಬೇಡಿಕೊಂಡದ್ದು ಮುಖದ ಮೇಲೆ ಕಾಣುತ್ತದೆಂಬ ಅಳುಕು. ಅವರೂ ಕರೆಯಲು ಬರಲಿಲ್ಲ. ಹೀಗೆ ಆರೇಳು ವರ್ಷ ಕಳೆದೇ ಹೋದವು. ಐತವಾರ ಬೆಳಿಗ್ಗೆ ಓಣಿಯಲ್ಲಿ ಯಾವ ಗಾಡಿಯ ಹಾರ್ನು ಕೇಳಿದರೂ ನಾನು ಎದ್ದು ಬಾಗಿಲಿಗೆ ಬರುತ್ತಿದ್ದೆ.

ಟೋಪಿ ಸಿಕ್ಕ ಮರುದಿನವೇ ರಬಕವಿಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದಲ್ಲೇ. ಗುರುಲಿಂಗಪ್ಪ ಕನ್ನಡಕ ಹಾಕಿಕೊಂಡು ಸೀರೆಯ ಅಂಚಿನ ದಡಿ ನೋಡುತ್ತಿದ್ದರು. ನಾನು ನಿನ್ನೆ ಬಂದು ಹೋದವನೋ ಎಂಬಂತೆ ಜಾಗ ಸರಿದು ಕೊಟ್ಟರು. ಆ ಮೇಲೆ ಮಗ್ಗದ ಹಿಂದಿನ ತಗಡಿನ ಚಪ್ಪರಕ್ಕೆ ಕರೆದುಕೊಂಡು ಹೋದರು. ನೂಲಿನ ಮೂಟೆಗಳ ನಡುವೆ ಜೀಪು ನಿಂತಿತ್ತು. ಮೂರು ಗಾಲಿಗೆ ಹಿತ್ತಾಳೆ ಟೋಪಿ. ನಾಲ್ಕನೆಯದರ ಬಾಯಿಗೆ ಕೆಂಪು ನೂಲು ಸುತ್ತಿ, ನೇಕಾರರ ಗಂಟು ಹಾಕಿತ್ತು. ಹೊಸ ಟೋಪಿ ಪೇಟೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಅದು ಅವರಿಗೂ ಗೊತ್ತು.

ಟೋಪಿ ತೆಗೆಯುವ ಮೊದಲು ಹೇಳಬೇಕಾದದ್ದನ್ನು ಹೇಳಿದೆ. "ಅಣ್ಣಾರ, ಆ ಕೆಲಸ ನಿಂತ ಹೋಗ್ಲಿ ಅಂತ ನಾ ಬೇಡಿಕೊಂಡಿದ್ನಿರಿ."

ಅವರು ನೂಲಿನ ಮೇಲೆ ಬೆರಳಾಡಿಸುತ್ತಿದ್ದರು. "ನೀವೊಬ್ರ ಅಂತ ತಿಳಕೊಂಡೀರೇನ್ರಿ? ಕಲ್ಲ ಹೇರಿಕೊಂಡ ಹೊಂಟಾಗ ಆ ಉಸುಕ ಕಂಡ್ರ ನನ್ನ ಕಾಲ ಬ್ರೇಕಿನ ಮ್ಯಾಲ ಹೋಗತಿತ್ತು. ಹೊಳ್ಳಿ ಹೋಗೂಣು ಅನಸ್ತಿತ್ತು. ಅದಕ್ಕ ನಾನೂ ನಿಮ್ಮನಿ ಕಡೆ ಬರಲಿಲ್ಲ."

ಟೋಪಿಯನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದೆ. ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಆ ಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿದರು.

"ನಿಮ್ಮ ಕಿಸೇದಾಗ ಇರ್ಲಿ ಮಾಸ್ತರ. ಹಾಕಿದ್ರ ದಾಟಿದ್ದು ಮುಗದ ಹೋಗತೈತಿ."

ಒಳಗಿನಿಂದ ಅವರ ಹೆಂಡತಿ ಚಹಾ ಮಾಡಲೇ ಎಂದು ಕೇಳಿದರು. ಬೇಡ, ಮಾಸ್ತರಿಗೆ ಮಜ್ಜಿಗೆ ಕೊಡು ಎಂದರು ಗುರುಲಿಂಗಪ್ಪ.

ಮರಳಿ ಬಂದು ಮೊದಲ ಸಲ ಆ ನೀರು ನೋಡಲು ಹೋದೆ. ದಂಡೆಯ ತನಕ ತುಂಬಿತ್ತು. ಒಬ್ಬ ಹೆಂಗಸು ಕೊಡ ಮುಳುಗಿಸಿ, ಎತ್ತಿ, ಹೊತ್ತುಕೊಂಡು ಹೋದಳು. ಕೆದರುವ ಕೆಲಸವಿರಲಿಲ್ಲ. ನೋಡಿ ನನಗೆ ಸಂತೋಷವಾಯಿತು, ಖರೆಯಾಗಿಯೇ ಆಯಿತು. ಆ ನೀರಿನ ಕೆಳಗೆ ನಮ್ಮ ಹೆಜ್ಜೆಗಳಿದ್ದವು. ಕೋಟು ಈಗ ಮತ್ತೆ ಗೂಟಕ್ಕೇ ಬಂದಿದೆ. ಹರಿದ ಕಿಸೆಯನ್ನು ಮಾತ್ರ ದರ್ಜಿಯ ಹತ್ತಿರ ಕೊಟ್ಟು ಗಟ್ಟಿಯಾಗಿ ಹೊಲಿಸಿದ್ದೇನೆ.